ಒಂದು ಗಂಟೆಯ ವೋಲ್ಟೇಜು

ನಾನು ಶಹಾಬಾದಿನವ, ಕಂಪ್ಯೂಟರಿಗೆ ಜೋಡಿಸುವ ಬೋರ್ಡುಗಳನ್ನು ರಿಪೇರಿ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ರಾವೂರಿನ ಒಂದು ಕಲ್ಲು ಕೊಯ್ಯುವ ಕಾರ್ಖಾನೆಯವರು ಕರೆದರು. ಅಲ್ಲಿಯ ತೊಟ್ಟಿಯಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ಇತ್ತು. ನೀರು ಏರಿದಂತೆ ಏರಬೇಕಾದ ಅದರ ವೋಲ್ಟೇಜು ದಿನಾ ಮಧ್ಯಾಹ್ನ ಒಂದಕ್ಕೆ ಸರಿಯಾಗಿ 0.24 ಏರಿ, ಹತ್ತು ನಿಮಿಷದಲ್ಲಿ ಇಳಿಯುತ್ತಿತ್ತು.

"ತೊಟ್ಟ್ಯಾಗ ನೀರು ಇದ್ದಲ್ಲೇ ಇರ್ತಾವ್ರಿ, ಕಂಪ್ಯೂಟರ್‌ದಾಗ ಅಷ್ಟ ಏರ್ತಾವ," ಎಂದ ಕಾವಲುಗಾರ ದೇವಿಂದ್ರಪ್ಪ. "ಯಾರೋ ಒಬ್ಬರು ಇಳದಂಗ. ಮೊದಲೆಲ್ಲಾ ಊಟದ ಹೊತ್ತಿಗೆ ಆಳುಗಳು ಇದ್ರಾಗೇ ಇಳದು ಮೈ ತೊಳ್ಕೋತಿದ್ರು."

ನಾನು ನಕ್ಕೆ. ವೈರು ಬದಲಿಸಿದೆ, ಸೆನ್ಸರ್ ಬದಲಿಸಿದೆ. ಕೊನೆಗೆ ಸೆನ್ಸರನ್ನೇ ಕಿತ್ತುಹಾಕಿ, ಬೋರ್ಡಿನಲ್ಲಿ ಅದು ಕೂಡುತ್ತಿದ್ದ ಪಿನ್ನನ್ನು ತುಂಡು ವೈರಿನಿಂದ ಅರ್ಥಿಂಗಿಗೆ ಕಟ್ಟಿದೆ. ಹಾಗೆ ಕಟ್ಟಿದ ಮೇಲೆ ಸೊನ್ನೆ ಬಿಟ್ಟು ಬೇರೇನೂ ಬರಬಾರದು. ಒಂದಕ್ಕೆ 0.24 ಬಂತು. ಮುಟ್ಟಿ ನೋಡಿದೆ. ಕಾದು ಹೆಂಚಾಗಿದ್ದ ಆ ಶೆಡ್ಡಿನಲ್ಲಿ ವೈರಿನ ತುಂಡೊಂದೇ ತಣ್ಣಗಿತ್ತು.

ಕುತೂಹಲ ತಡೆಯಲಾರದೆ, ಅವರಿಗೆ ಹೊಸ ಬೋರ್ಡು ಕೊಟ್ಟು ಹಳೆಯದನ್ನು ಮನೆಗೆ ತಂದೆ. ನನ್ನ ಮೇಜಿನ ಮೇಲೂ ದಿನಾ ಒಂದಕ್ಕೆ ಅದೇ 0.24. ಬರೆದಿಡುತ್ತಾ ಬಂದೆ.

ಹೋದ ಸೋಮವಾರದಿಂದ 0.48 ಬರುತ್ತಿದೆ. ದೇವಿಂದ್ರಪ್ಪ ಹೇಗಿದ್ದಾನೆಂದು ಕೇಳಲು ನಾನಿನ್ನೂ ಫೋನ್ ಮಾಡಿಲ್ಲ.