ಎಡಸುತ್ತಿನ ಅಂಬಾಸಿಡರ್

ಗುರುಪ್ರಸಾದ ಐತಾಳರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದನ್ನು ಕೇಳಿ ಯಾರೂ ಬೇರೆ ಏನೋ ತಿಳಿದುಕೊಳ್ಳಬಾರದು.

ಅವರ ಬಿಳಿ ಅಂಬಾಸಿಡರ್ ಆ ದಿನ ತಲ್ಲೂರು ದಾಟುವಾಗಲೇ ಹೆಮ್ಮಾಡಿಗೆ ಸದ್ದು ಮುಟ್ಟಿತ್ತು. ಹೈವೇ ಉದ್ದಕ್ಕೂ ಢಬ್ ಢಬ್ ಎಂದು ಪಟಾಕಿ ಹೊಡೆಯುತ್ತಾ ಬಂದು, ನನ್ನ ಗ್ಯಾರೇಜಿನ ಎದುರು ಒಮ್ಮೆ ಕೆಮ್ಮಿ ನಿಂತಿತು. ಪಕ್ಕದ ಚಾ ಅಂಗಡಿಯ ಸರೋಜಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಇದೆಂತ ಹೆಣೆ, ಮದಿ ದಿಬ್ಬಣದ್ ಗಾಡಿಯಾ, ದೀಪಾವಳಿ ಗಾಡಿಯಾ?"

ಐತಾಳರು ಇಳಿದರು. ಸಾಲಿಗ್ರಾಮದವರು. ಬೆಳಿಗ್ಗೆ ದೇವಸ್ಥಾನದ ಕೆಲಸ, ಉಳಿದ ಹೊತ್ತು ಈ ಕಾರಿನಲ್ಲಿ ಮದುಮಕ್ಕಳನ್ನು ಕೂರಿಸಿಕೊಂಡು ಓಡಾಟ. ಹಣೆಯಲ್ಲಿ ಗಂಧ, ಮೂಗಿನ ತುದಿಯಲ್ಲಿ ಸಿಟ್ಟು. ಸಿಟ್ಟು ಬಂದಾಗ ಅವರ ಎಡಗಡೆಯ ಹುಬ್ಬು ಮಾತ್ರ ಮೇಲೆ ಹೋಗುತ್ತದೆ. ಅದನ್ನು ನಾನೇಕೆ ಗಮನಿಸಿದೆ ಎಂದು ಕೇಳಬೇಡಿ.

"ಟೈಮಿಂಗ್ ಹಾಳ್ ಮಾಡಿ ಕೊಟ್ರಿ ನೀವ್," ಎಂದರು.

"ನಾನ್ ಟೈಮಿಂಗ್ ಇಟ್ಟದ್ದ್ ತಿಂಗ್ಳ್ ಹಿಂದೆ. ಹಾಳಾಪುಕೆ ಅದ್ಕೆ ಈಗ ನೆನ್ಪಾಯ್ತಾ?"

"ಆಯುಧ ಪೂಜೆ ಕಳ್ದ್ ಮಾರ್ನೆ ದಿನದಿಂದ ಹೀಂಗೆ."

"ಅದ್ಕೆ ಊರಿಗೆಲ್ಲ ಡಂಗುರ ಹೊಡ್ದ್ರಿ ಅಲ್ದಾ?"

ಹೊಡೆದದ್ದು ನಿಜ. ಹಳೇ ಕಾರಿನವರ ವಾಟ್ಸಾಪ್ ಗ್ರೂಪಿನಲ್ಲಿ ಬೈಂದೂರಿನಿಂದ ಬ್ರಹ್ಮಾವರದವರೆಗಿನ ಇನ್ನೂರ ನಲವತ್ತು ಜನ ಇದ್ದಾರೆ. ಅದರಲ್ಲಿ ಈ ಮಹಾಶಯರು ಬರೆದಿದ್ದರು: 'ಹೆಮ್ಮಾಡಿಯ ಹೆಣ್ಣು ಮೆಕ್ಯಾನಿಕ್ ನನ್ನ ಗಾಡಿಯ ಟೈಮಿಂಗ್ ಕೆಡಿಸಿದ್ದಾರೆ. ಹುಷಾರು.' ಮೂರೇ ದಿನದಲ್ಲಿ ಎರಡು ಕಾರು ಕೆಲಸ ಮುಗಿಯುವ ಮೊದಲೇ ವಾಪಸ್ ಹೋದವು. ಬೈಂದೂರಿನಿಂದ ಬರಬೇಕಿದ್ದ ಜೀಪು ಬರಲೇ ಇಲ್ಲ.

ನಾನು ಹಂಗಾರಕಟ್ಟೆಯ ಮೀನುಗಾರರ ಮನೆಯವಳು, ಜಲಜ. ಬ್ರಹ್ಮಾವರದ ಚೆನ್ನಯ್ಯ ಮೇಸ್ತ್ರಿಯ ಹತ್ತಿರ ಏಳು ವರ್ಷ ಬೈಗುಳ ತಿಂದು ಕಲಿತ ವಿದ್ಯೆ ಇದು. ಹೆಂಗಸಿನ ಕೈಗೆ ಇಂಜಿನ್ ಕೊಡಲು ಜನ ಒಪ್ಪುವುದಕ್ಕೇ ಇನ್ನೂ ನಾಲ್ಕು ವರ್ಷ ಹಿಡಿಯಿತು. ಆ ಹೆಸರು ಹೋಗಲು ಇವರ ಒಂದು ಸಾಲು ಸಾಕಾಯಿತು. ಹೆಸರು ಹೋದರೆ ನನಗೆ ಇಲ್ಲಿ ಬೇರೇನೂ ಉಳಿಯುವುದಿಲ್ಲ.

"ತಪ್ಪ್ ನಂದಾರೆ ಇವತ್ತೇ ಬೋರ್ಡ್ ಇಳ್ಸ್ತೆ," ಎಂದೆ. "ನಿಮ್ದಾರೆ ತಪ್ಪಾಯ್ತ್ ಅಂತ ಅದೇ ಗ್ರೂಪಂಗೆ ಬರೀಕ್."

ಹುಬ್ಬು ಇನ್ನೂ ಸ್ವಲ್ಪ ಮೇಲೆ ಹೋಯಿತು. "ಆಯ್ಲಿ."

ಸ್ಟಾರ್ಟ್ ಮಾಡಿಸಿ ಬಾನೆಟ್ ಎತ್ತಿದೆ. ಇಂಜಿನ್ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಟೈಮಿಂಗ್ ಎಂದರೆ ಸಿಲಿಂಡರಿಗೆ ಕಿಡಿ ಬೀಳುವ ಹೊತ್ತು. ಒಂದನೇ ಸಿಲಿಂಡರಿನ ವಯರಿಗೆ ಟೈಮಿಂಗ್ ಲೈಟ್ ಸಿಕ್ಕಿಸಿ ಕೆಳಗೆ ತಿರುಗುವ ಪುಲ್ಲಿಯ ಗುರುತಿಗೆ ಹಿಡಿದೆ. ಬೆಳಕು ಮಿಂಚಿದಾಗಲೆಲ್ಲ ಗುರುತು ನಾನಿಟ್ಟ ಜಾಗದಲ್ಲೇ ಕಾಣುತ್ತಿತ್ತು.

"ಕಾಣಿ. ಒಂದ್ ಕೂದಲೆಳೆ ಆಚೀಚೆ ಆಯ್ಲಿಲ್ಲ."

ಅವರು ಬಗ್ಗಿದರು. ಬಾನೆಟ್ಟಿನ ಕೆಳಗೆ ಇಬ್ಬರ ತಲೆಗೆ ಜಾಗ ಕಡಿಮೆ. ಪೆಟ್ರೋಲಿನ ವಾಸನೆಯ ನಡುವೆ ಗಂಧದ ಪರಿಮಳ ಬಂತು, ನನಗೆ ಇನ್ನಷ್ಟು ಸಿಟ್ಟು ಬಂತು.

"ಹಂಗಾರೆ ಪಟಾಕಿ ಯಾಕೆ?" ಎಂದರು, ಕಿವಿಯ ಹತ್ತಿರವೇ.

"ಸ್ವಲ್ಪ ಆಚಿಗ್ ನಿಲ್ಲಿ. ಹೇಳ್ತೆ."

ಇಕ್ಕಳದಲ್ಲಿ ಹಿಡಿದು ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ತೆಗೆದು ಹಾಕಿದೆ. ದುಡಿಯುವ ಸಿಲಿಂಡರಿನ ವಯರ್ ಕಿತ್ತರೆ ಇಂಜಿನ್ ಸೊರಗಬೇಕು. ಒಂದನೆಯದು ಕಿತ್ತಾಗ ನಿಂತೇ ಹೋಗುವಂತಾಯಿತು. ನಾಲ್ಕನೆಯದಕ್ಕೂ ಅಷ್ಟೇ. ಎರಡು ಮತ್ತು ಮೂರನ್ನು ಕಿತ್ತರೆ ಅದಕ್ಕೆ ಗೊತ್ತೇ ಆಗಲಿಲ್ಲ. ಅಂದರೆ ಮೂರಕ್ಕೆ ಹೋಗಬೇಕಾದ ಕಿಡಿ ಎರಡಕ್ಕೆ, ಎರಡರದ್ದು ಮೂರಕ್ಕೆ. ಹೊತ್ತಲ್ಲದ ಹೊತ್ತಿಗೆ ಕಿಡಿ ಬಿದ್ದು ಕಾರ್ಬುರೇಟರ್ ಸಿಡಿಯುತ್ತಿತ್ತು.

ಇಂಜಿನ್ ನಿಲ್ಲಿಸಿ, ನಾಲ್ಕೂ ಪ್ಲಗ್ಗಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ವಯರುಗಳನ್ನು ಕಳಚಿದೆ. ರಬ್ಬರ್ ಟೊಪ್ಪಿಯ ಅಡಿಯಲ್ಲಿ ಒಣಗಿದ ಗಂಧ. ಅದರ ಮೇಲೊಂದು ಕುಂಕುಮದ ಬೊಟ್ಟು.

"ಐತಾಳ್ರೆ, ನಾನ್ ಹಚ್ಚುದ್ ಗ್ರೀಸ್. ಗಂಧ ಹಚ್ಚುದಿಲ್ಲ."

ಅವರ ಹುಬ್ಬು ಮೊದಲ ಬಾರಿಗೆ ಕೆಳಗಿಳಿಯಿತು.

"ಪೂಜೆಗೆ ಒರ್ಸುಕೆ ಬಿಚ್ಚಿದ್ದೆ," ಎಂದರು. "ಆರೆ ಕ್ರಮ ತಪ್ಲಿಲ್ಲ. ಒಂದು, ಮೂರು, ನಾಲ್ಕು, ಎರಡು. ಯೂಟ್ಯೂಬ್ ಕಂಡ್ಕಂಡೇ ಹಾಕಿದ್ದ್."

"ಯಾವ ಬದಿಂದ ಸುತ್ತಿದ್ರಿ?"

ಬೆರಳಿನಿಂದ ಗಾಳಿಯಲ್ಲಿ ಬಲಕ್ಕೆ ಸುತ್ತು ಹಾಕಿದರು. "ಹೀಂಗೆ. ಬೇರೆ ಹ್ಯಾಂಗ್ ಸುತ್ತುದ್?"

ಮುಚ್ಚಳ ತೆಗೆದು, ಸೆಲ್ಫ್ ಹೊಡೆಯಲು ಹೇಳಿದೆ. ಹೊಡೆದು, ಕಿಟಕಿಯಿಂದ ಕತ್ತು ಉದ್ದ ಮಾಡಿ ನೋಡಿದರು. ಒಳಗೆ ಕಿಡಿ ಮುಟ್ಟಿಸುವ ರೋಟರ್ ನಿಧಾನಕ್ಕೆ ಎಡಕ್ಕೆ ತಿರುಗಿತು; ವಯರುಗಳೂ ಅದೇ ಸುತ್ತಿನಲ್ಲಿ ಕೂರಬೇಕು. ಇಳಿದು ಬಂದು ಗಾಳಿಯಲ್ಲಿ ಎಡಕ್ಕೆ ಸುತ್ತು ಹಾಕಲು ಹೋಗಿ, ಬೆರಳನ್ನು ಅರ್ಧಕ್ಕೇ ಇಳಿಸಿದರು.

"ನಮ್ಮನಿಯಂಗೆ ಎಡಕ್ಕೆ ಸುತ್ತುದ್ ಯಾರಾರೂ ಸತ್ರೆ ಮಾತ್ರ," ಎಂದರು. "ಕೈ ಆ ಬದಿಗ್ ಹೋಪುದೇ ಇಲ್ಲ."

ನಗು ಬಂತು. ನುಂಗಿಕೊಂಡೆ. "ಬರೀಕ್ ಅಂದಿದ್ದೆ."

ಫೋನ್ ತೆಗೆದು ಅಲ್ಲೇ ನಿಂತು ಬರೆದರು. ನಾನು ನನ್ನ ಫೋನಿನಲ್ಲಿ ಓದಿದೆ. 'ಜಲಜ ಅವರು ಇಟ್ಟ ಟೈಮಿಂಗ್ ಸರಿಯಾಗಿಯೇ ಇದೆ. ವಯರ್ ಬಿಚ್ಚಿ, ದೇವರಿಗೆ ಪ್ರದಕ್ಷಿಣೆ ಬಂದ ಹಾಗೆ ಬಲಕ್ಕೆ ಸುತ್ತಿ ಹಾಕಿದವನು ನಾನು. ತಿಳಿಯದೆ ಅವರ ಹೆಸರು ಕೆಡಿಸಿದೆ. ತಪ್ಪಾಯಿತು.' ಪ್ರದಕ್ಷಿಣೆಯ ಮಾತು ನಾನು ಕೇಳಿರಲಿಲ್ಲ. ನಿಮಿಷದೊಳಗೆ ನಗುವ ಮುಖಗಳು ಸಾಲುಗಟ್ಟಿದವು. ಅವರ ಕಿವಿ ಕೆಂಪಾಯಿತು. ಬರೆದದ್ದನ್ನು ಮಾತ್ರ ಅಳಿಸಲಿಲ್ಲ.

"ವರ್ಷ ಇಡೀ ಇಲ್ದದ್ದ್, ಇಂಜಿನ್ ಒರ್ಸು ಬುದ್ಧಿ ಈಗೆಂತಕ್ ಬಂತ್?" ವಯರುಗಳನ್ನು ಎಡಕ್ಕೆ ಜೋಡಿಸುತ್ತಾ ಕೇಳಿದೆ.

"ಹೋದ ಸಲ ನೀವೇ ಹೇಳಿದ್ರಿ. ಬಾನೆಟ್ ತೆಗ್ದ್ ಕಂಡ್ರೆ ಇದ್ಕಿಂತ ನಮ್ಮನಿ ಮೀನ್ ಬುಟ್ಟಿಯೇ ಚಂದ ಅಂತ." ಅವರು ರಸ್ತೆಯ ಕಡೆ ನೋಡುತ್ತಿದ್ದರು. "ನಿಮ್ ಹತ್ರ ಇನ್ನೊಂದ್ ಸಲ ಹಾಂಗ್ ಹೇಳ್ಸ್ಕಂಬುಕೆ ಮನ್ಸಿರ್ಲಿಲ್ಲ."

ಕೊನೆಯ ವಯರ್ ಕೂರಿಸಿದೆ. ಈ ಮನುಷ್ಯ ಎರಡು ಸಿಲಿಂಡರಿನಲ್ಲಿ ಸಾಲಿಗ್ರಾಮದಿಂದ ಹೆಮ್ಮಾಡಿಯವರೆಗೆ ಬಂದಿದ್ದರು. ನಡುವೆ ಹನ್ನೆರಡು ಗ್ಯಾರೇಜು ಇವೆ. ಬೈಯಲಿಕ್ಕಾದರೂ ನನ್ನಲ್ಲಿಗೇ ಬಂದಿದ್ದರು.

ಸ್ಟಾರ್ಟ್ ಮಾಡಿದೆ. ಸರೋಜಕ್ಕ ತಂದ ಚಾ ಲೋಟವನ್ನು ಮಡ್‌ಗಾರ್ಡ್ ಮೇಲೆ ಇಟ್ಟೆ. ಚಾ ತುಳುಕಲಿಲ್ಲ.

"ಒಂದ್ ಕೇಂಬುದಿತ್ತ್," ಎಂದರು ಐತಾಳರು. ಹುಬ್ಬು ಮತ್ತೆ ಮೇಲೆ ಹೋಗಿತ್ತು. ಮೂಲೆಯಲ್ಲಿ ಬಾನೆಟ್ ತೆರೆದು ನಿಂತಿದ್ದ ವ್ಯಾನಿನ ಕಡೆ ಬೆರಳು ತೋರಿಸಿದರು. "ಅದ್ರ ವಯರಿಗೂ ಮುಚ್ಚಳಕ್ಕೂ ನೇಲ್ ಪಾಲಿಶಂಗೆ ಚುಕ್ಕಿ ಇಟ್ಟಿದ್ರಿ. ಒಂದು, ಎರಡು, ಮೂರು, ನಾಲ್ಕು. ನಂದಕ್ಕೆ ಯಾಕ್ ಇಡ್ಲಿಲ್ಲ? ಇಟ್ಟಿದ್ರೆ ನಾನ್ ತಪ್ತಿರ್ಲಿಲ್ಲ."

ಕೇಳಬಾರದ್ದನ್ನೇ ಕೇಳಿದರು. ಚುಕ್ಕಿ ಇಡದೆ ಗಾಡಿ ಕಳಿಸಬಾರದೆಂದು ಚೆನ್ನಯ್ಯ ಮೇಸ್ತ್ರಿ ತಲೆಗೆ ಮೊಟಕಿ ಕಲಿಸಿದ್ದರು. ಮರೆತೆ ಎಂದು ಹೇಳಿಬಿಡಬಹುದಿತ್ತು. ಆದರೆ ಆ ಮನುಷ್ಯ ಆಗಷ್ಟೇ ಇನ್ನೂರ ನಲವತ್ತು ಜನರ ಎದುರು ನಿಜ ಹೇಳಿ ನಿಂತಿದ್ದರು.

"ಬೇರೆಯವ್ರ್ ಬಿಚ್ಚು ಗಾಡಿಗೆ ಚುಕ್ಕಿ ಇಡೂದ್," ಎಂದೆ. "ನಿಮ್ ಗಾಡಿ ನಾನಲ್ದೆ ಬೇರೆ ಯಾರೂ ಮುಟ್ಟುದ್ ಬ್ಯಾಡ ಅಂತಿತ್ತ್ ನಂಗೆ."

ಸರೋಜಕ್ಕ ಲೋಟ ಬಿಟ್ಟು ಮೆಲ್ಲಗೆ ಒಳಗೆ ಹೋದರು.

"ಗಾಡಿ ಮಾತ್ರವಾ?" ಎಂದರು ಐತಾಳರು. ಸ್ವರ ಸಣ್ಣದಾಗಿತ್ತು.

"ಬಾಯ್ ಮುಚ್ಚಿ ಬದಿ ಸೀಟಂಗೆ ಕೂಕಣಿ. ಟೆಸ್ಟಿಗ್ ಹೋಪ."

"ಸಾಲಿಗ್ರಾಮದ ವರಿಗೂ ಹೋಪ. ಅಪ್ಪಯ್ಯ ಮನಿಯಂಗಿದ್ರ್. ಟೈಮಿಂಗ್ ಇಟ್ಟವ್ರನ್ನ ಅವ್ರೂ ಒಂದ್ ಸಲ ಕಾಣ್ಲಿ."

"ಬೈತ್ರ್."

"ಬೈಲಿ. ನಾನ್ ಬದಿಯಂಗೇ ಇರ್ತೆ."

ಕೈ ತೊಳೆಯಲು ನಲ್ಲಿಯ ಕಡೆ ಹೊರಟೆ. "ಬ್ಯಾಡ, ಹಾಂಗೇ ಬನ್ನಿ," ಎಂದರು. ಗ್ರೀಸಿನ ಕೈಯಲ್ಲೇ ಸ್ಟೇರಿಂಗ್ ಹಿಡಿದೆ.

ಅದಾಗಿ ಎರಡು ವರ್ಷ. ಅಪ್ಪಯ್ಯನವರು ಬೈದದ್ದೂ ಆಯಿತು, ಬೈದು ಸಾಕಾಗಿ ನಮ್ಮ ಮದುವೆಗೆ ಒಪ್ಪಿದ್ದೂ ಆಯಿತು. ಗುರುಪ್ರಸಾದ ಐತಾಳರು ಈಗಲೂ ಬ್ರೇಕ್ ತಡವಾಗಿ ಹಾಕುತ್ತಾರೆ, ಈಗಲೂ ಹುಬ್ಬು ಏರಿಸುತ್ತಾರೆ, ಕಂಡರೆ ನನಗೆ ಈಗಲೂ ಆಗುವುದಿಲ್ಲ. ಅವರ ಅಂಬಾಸಿಡರಿನ ಆ ನಾಲ್ಕು ವಯರಿಗೆ ಮಾತ್ರ ನಾನು ಇವತ್ತಿನವರೆಗೂ ಚುಕ್ಕಿ ಇಟ್ಟಿಲ್ಲ.