ಮಸಿಹುಲಿಯೂ ಮುಚ್ಚಿಟ್ಟ ದೀಪವೂ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತು ಮರೆಯದ ಕಾಲದಲ್ಲಿ, ಹೊಂಬೆಟ್ಟವೆಂಬ ರಾಜ್ಯವಿತ್ತು. ಅಲ್ಲಿ ಮುಸ್ಸಂಜೆಯಾದರೆ ಪ್ರತಿ ಮನೆಯವರೂ ಹೊಸ್ತಿಲಲ್ಲಿ ದೀಪ ಹಚ್ಚಿ, ನೆರೆಹೊರೆಯವರ ಹೆಸರು ಒಂದೊಂದಾಗಿ ಹೇಳಿ, ದೇವಿಗೆ ಕೈಮುಗಿಯುತ್ತಿದ್ದರು.

ಕಾರಿರುಳನೆಂಬ ಮಾಂತ್ರಿಕನೊಬ್ಬ ಬಂದು ಅಲ್ಲಿನ ರಾಜನನ್ನು ಓಡಿಸಿ ಸಿಂಹಾಸನ ಹತ್ತಿದ. ಹತ್ತಿದವನೇ ಡಂಗುರ ಸಾರಿಸಿದ: "ಇನ್ನು ದೇವಿಗೆ ದೀಪ ಹಚ್ಚಿದವರು ಕಲ್ಲಾಗುತ್ತಾರೆ." ಕಾವಲಿಗೆ ಒಂದು ಬೆಕ್ಕನ್ನು ಬಿಟ್ಟ. ಅದು ಮಸಿಯ ಬೆಕ್ಕು. ಅದಕ್ಕೆ ಮಾತು ಬರುತ್ತಿತ್ತು.

ಆ ಊರಲ್ಲಿ ಚೆನ್ನಾಜಿ ಎಂಬ ಹಸುಗೂಸಿನ ತಾಯಿ ಇದ್ದಳು. ನಾಲಿಗೆ ಚೂಪು, ಧೈರ್ಯ ಮಾತ್ರ ನಾಲಿಗೆಯಷ್ಟು ಉದ್ದವಿರಲಿಲ್ಲ. ಮೊದಲ ಸಂಜೆ ಅವಳು ದೀಪವನ್ನು ಅಡುಗೆಮನೆಗೆ ಒಯ್ದು, ಎರಡು ಕಲ್ಲಿನ ಮೇಲೆ ಮಡಕೆ ಬೋರಲಿಟ್ಟು ಮರೆಮಾಡಿದಳು.

"ಏನೇ ಇದು, ದೇವಿಗೆ ಮುಸುಕು ಹಾಕ್ತೀಯ?" ಎಂದಳು ಅತ್ತೆ ಗುರಮ್ಮ.

"ದೇವಿಗೆ ಮಡಕೆಯೊಳಗೂ ಕಾಣತ್ತೆ ಅತ್ತೆ. ನಾನು ಕಲ್ಲಾದರೆ ಮಗೂಗೆ ಹಾಲು ಕೊಡೋರು ನೀವಾ?"

ಬೆಕ್ಕು ಬಂತು. "ಯಾರಿಗೆ ಈ ದೀಪ?"

"ದೇವಿಗಲ್ಲಪ್ಪ. ಮಗೂಗೆ ಕಾಡಿಗೆ ಮಾಡ್ತಿದೀನಿ."

ಬೆಕ್ಕು ಮಡಕೆಗಂಟಿದ ಮಸಿ ನೆಕ್ಕಿತು, ಕರುವಿನಷ್ಟಾಯಿತು, ಹೊರಟಿತು. ಪಕ್ಕದ ಮನೆಯಲ್ಲೂ ಕಾಡಿಗೆ. ಅದರಾಚೆಯ ಮನೆಯಲ್ಲೂ ಕಾಡಿಗೆ. ಹಲ್ಲುದುರಿದ ಮುದುಕರಷ್ಟೇ ಇದ್ದ ಮನೆಯಲ್ಲೂ ಕಾಡಿಗೆಯೇ.

ಎರಡನೆಯ ಸಂಜೆ ಅದು ಹುಲಿಯಾಗಿ ಬಂತು. ಹೊಸ್ತಿಲಲ್ಲಿ ದೀಪ ಉರಿಯುತ್ತಿತ್ತು. ಬತ್ತಿ ಹೊಸೆದವಳು ಚೆನ್ನಾಜಿ, ಎಣ್ಣೆ ಎರೆದವಳು ಚೆನ್ನಾಜಿ. ಹೊರಗೆ ತಂದಿಟ್ಟವಳು ಗುರಮ್ಮ.

"ಯಾರದು ಈ ದೀಪ?"

"ಅತ್ತೇದು," ಎಂದಳು ಚೆನ್ನಾಜಿ. "ನನಗೆ ಗೊತ್ತೇ ಇಲ್ಲ."

ಗುರಮ್ಮ ಸೊಸೆಯನ್ನು ಒಮ್ಮೆ ನೋಡಿದಳು. "ಹೌದಪ್ಪ, ನನ್ನದೇ," ಎಂದಳು. ಹುಲಿ ಉಸಿರು ಬಿಟ್ಟಿತು. ಗುರಮ್ಮ ಕೈಮುಗಿದಂತೆಯೇ ಕಲ್ಲಾದಳು.

ಮಾರನೆಯ ದಿನ ಚೆನ್ನಾಜಿ ಆ ಕಲ್ಲನ್ನು ದಾಟಲಾರದೆ ಹಿತ್ತಿಲ ಬಾಗಿಲಿಂದ ಓಡಾಡಿದಳು. ಯಾರೂ ಅವಳನ್ನು ಬೈಯಲಿಲ್ಲ. ಎಲ್ಲರ ಮನೆಯ ಮಡಕೆಯೂ ಬೋರಲೇ ಇತ್ತಲ್ಲ. ಬೈದಿದ್ದರೆ ತಿರುಗಿ ಬೈದಾದರೂ ಹಗುರಾಗುತ್ತಿದ್ದಳು. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟಿಡಲು ಮಡಕೆಯ ಮಸಿಗೆ ಬೆರಳು ಅದ್ದಿದಳು. ಬೆರಳ ಮಸಿ ಗುರ್ ಎಂದಿತು.

ಹುಲಿ ಯಾರ ಮನೆಯ ಮುಚ್ಚಿಟ್ಟ ದೀಪದ ಮಸಿ ತಿಂದು ಬೆಳೆಯಿತೆಂದು ಆಗ ಅವಳಿಗೆ ತಿಳಿಯಿತು.

ಮೂರನೆಯ ಸಂಜೆ ಮಗುವನ್ನು ತೊಟ್ಟಿಲಿಗೆ ಹಾಕಿ, ಮಡಕೆ ಒಡೆದು, ದೀಪವನ್ನು ಹೊಸ್ತಿಲಿಗೆ ತಂದಳು. ಮನೆಯಷ್ಟೆತ್ತರದ ಹುಲಿ ಬಂತು. ಬೆನ್ನ ಮೇಲೆ ಕಾರಿರುಳ ಕೂತಿದ್ದ.

"ಯಾರದು ಈ ದೀಪ?"

"ನನ್ನದು. ನಿನ್ನೆಯದೂ ನನ್ನದೇ. ಮೊನ್ನೆ ಕಾಡಿಗೆ ಅಂದದ್ದು ಸುಳ್ಳು."

ಕೈಮುಗಿದು ಹೆಸರು ಹೇಳತೊಡಗಿದಳು. ಮೊದಲು ಅತ್ತೆಯದು, ಆಮೇಲೆ ಪಕ್ಕದ ಮನೆಯವರದು. ಹುಲಿ ಉಸಿರು ಬಿಟ್ಟಿತು. ಅವಳ ಕಾಲು ಕಲ್ಲಾಯಿತು. ಹೆಸರು ನಿಲ್ಲಲಿಲ್ಲ. ಸೊಂಟ ಕಲ್ಲಾಯಿತು. ಹೆಸರು ನಿಲ್ಲಲಿಲ್ಲ. ತಮ್ಮ ಹೆಸರು ಕೇಳಿದ ಪಕ್ಕದ ಮನೆಯವರು ನಾಚಿ ಮಡಕೆ ಒಡೆದರು. ಅವರಾಚೆಯವರೂ ಒಡೆದರು. ಬೀದಿಯ ಹೊಸ್ತಿಲುಗಳೆಲ್ಲ ಬೆಳಗಿದವು.

ಮಸಿ ಸಿಗದೆ ಹುಲಿ ಕರುವಿನಷ್ಟಾಯಿತು, ಆಮೇಲೆ ಬೆಕ್ಕಿನಷ್ಟಾಯಿತು. ಕಾರಿರುಳನೂ ಅದರ ಜೊತೆ ಕುಗ್ಗಿ ಒಂದು ಚಿಟಿಕೆ ಮಸಿಯಾದ. ಗಾಳಿ ಬೀಸಿತು, ಅದೂ ಇಲ್ಲವಾಯಿತು.

ಕಲ್ಲಾದವರೆಲ್ಲ ಎದ್ದರು. ಗುರಮ್ಮ ದೀಪವನ್ನು ಬಗ್ಗಿ ನೋಡಿ, "ಬತ್ತಿ ಚೆನ್ನಾಗಿ ಹೊಸೆದಿದೀಯ ಕಣೆ," ಎಂದಳು. ಅಷ್ಟೇ.

ರಾಜ ಮರಳಿ ಬಂದ. ಹೊಂಬೆಟ್ಟದವರೆಲ್ಲ ಉಂಡು ನಕ್ಕು ಸುಖವಾಗಿ ಬಾಳಿದರು. ಚೆನ್ನಾಜಿಯೂ ಸುಖವಾಗಿದ್ದಳು. ಮುಸ್ಸಂಜೆ ಹೆಸರು ಹೇಳುವಾಗ ಅತ್ತೆಯ ಹೆಸರು ಬಂದರೆ ಮಾತ್ರ ಅವಳ ತಲೆ ತಾನಾಗಿ ತಗ್ಗುತ್ತಿತ್ತು.