ನಾಲ್ಕು ಬೋಲ್ಟು, ಒಂದು ಕಲ್ಲಂಗಡಿ

"ಬೋಲ್ಟ್ ಕೊಡು ಪುಟ್ಟಿ."

ಕಾರಿನ ಅಡಿಯಿಂದ ಗ್ರೀಸ್ ಮೆತ್ತಿದ ಒಂದು ಕೈ ಹೊರಬಂತು. ಉಳಿದ ಗ್ರಸೀಲಾ ಪೂರ್ತಿ ಕೆಳಗೇ ಇದ್ದಳು.

"ಯಾವ ಬೋಲ್ಟ್?" ಎಂದಳು ಅಮಾಯಾ.

"ಕೆಂಪು ಬಟ್ಟೆಯಲ್ಲಿ ಕಟ್ಟಿದ್ನಲ್ಲ, ನಾಲ್ಕು. ಮೆಟ್ಟಿಲ ಮೇಲಿಟ್ಟಿದ್ದೆ."

"ಮೆಟ್ಟಿಲ ಮೇಲೆ ಬೆಕ್ಕಿದೆ ಅಷ್ಟೇ."

ಅದೇನೂ ಸುಳ್ಳಲ್ಲ. ಬೆಕ್ಕು ಇತ್ತು. ಬೋಲ್ಟುಗಳು ಮಾತ್ರ ಅಮಾಯಾಳ ಪೆನ್ಸಿಲ್ ಪೌಚಿನೊಳಗೆ, ಪೌಚು ಸ್ಕೂಲ್ ಬ್ಯಾಗಿನೊಳಗೆ, ಬ್ಯಾಗು ಮಂಚದ ಕೆಳಗೆ ಇದ್ದವು.

ಅರ್ಧ ಗಂಟೆ ಹುಡುಕಾಟ ನಡೆಯಿತು. ಬಾಸಿಲಿಯೊ ಅಜ್ಜ ಹೂವಿನ ಕುಂಡಗಳನ್ನೆಲ್ಲ ಎತ್ತಿ ನೋಡಿದ. ಬೆಕ್ಕನ್ನೂ ಎತ್ತಿ ನೋಡಿದ.

"ನನ್ನ ಡಬ್ಬದಲ್ಲಿ ನೂರಾರು ಬೋಲ್ಟ್ ಬಿದ್ದಿವೆ. ಅದರಲ್ಲೇ ನಾಲ್ಕು ತಗೋ," ಎಂದ.

"ಅವು ಗೇಟಿಗೆ ಹಾಕೋವು, ದೋನ್ ಬಾಸಿಲಿಯೊ," ಎಂದಳು ಗ್ರಸೀಲಾ. ಅವಳು ಪಕ್ಕದ ಮನೆಯವಳು, ಕಾರ್ಮೆಲೊ ಊರಿನ ಅರ್ಧದಷ್ಟು ಬೈಕುಗಳನ್ನು ರಿಪೇರಿ ಮಾಡುವವಳು. "ಸೀಟ್ ಬೆಲ್ಟಿನ ಬೋಲ್ಟೇ ಬೇರೆ. ಗುಜರಿಯಲ್ಲಿ ಸಿಕ್ಕಿದ್ದೇ ಆ ನಾಲ್ಕು. ಗುಜರಿಯವನು ಮೀನು ಹಿಡಿಯೋಕೆ ಹೋಗಿದಾನೆ, ಬರೋದು ಸೋಮವಾರ."

"ಶುಕ್ರವಾರ ಮಗು ಕರ್ಕೊಂಡು ಬರಬೇಕಲ್ಲಮ್ಮ."

"ಅದಕ್ಕೇ ಹೇಳ್ತಿರೋದು, ಹುಡುಕಿ ಅಂತ."

ಕಾರಿನ ಹೆಸರು ಡುಮ್ಮಿ. ಅಜ್ಜನಿಗಿಂತ ಎರಡು ವರ್ಷ ದೊಡ್ಡವಳು. ಮುಂದಿನ ಸೀಟಿಗೆ ಅಜ್ಜ ಹಿಂದೆ ಯಾವಾಗಲೋ ಬೆಲ್ಟ್ ಹಾಕಿಸಿದ್ದ. ಹಿಂದಿನ ಸೀಟಿಗೆ ಇರಲಿಲ್ಲ. ಆ ಸೀಟು ಸೋಫಾದಷ್ಟು ಅಗಲ, ಬೆಣ್ಣೆ ಹಚ್ಚಿದಷ್ಟು ನುಣುಪು. ಅಲ್ಲಿ ಅಮಾಯಾ ಒಬ್ಬಳದೇ ರಾಜ್ಯ. ನದಿಯ ದಾರಿಯಲ್ಲಿ ಅಜ್ಜ ಬಲಕ್ಕೆ ತಿರುಗಿಸಿದರೆ ಅವಳು ಸರ್ರನೆ ಜಾರಿ ಎಡಗಡೆಯ ಬಾಗಿಲಿಗೆ ಬರುತ್ತಿದ್ದಳು. ಎಡಕ್ಕೆ ತಿರುಗಿಸಿದರೆ ಬಲಗಡೆಯ ಬಾಗಿಲಿಗೆ. ಇಡೀ ಉರುಗ್ವೆಯಲ್ಲಿ ಇಂಥ ಆಟ ಇನ್ನೊಂದಿಲ್ಲ ಎಂದು ಅವಳ ಲೆಕ್ಕ.

ಈಗ ತಮ್ಮ ಹುಟ್ಟಿದ್ದ. ಫೌಸ್ತೊ. ದಿನ ತುಂಬುವ ಮೊದಲೇ ಹುಟ್ಟಿ, ಮೂರು ವಾರದಿಂದ ಕೊಲೋನಿಯಾದ ಆಸ್ಪತ್ರೆಯಲ್ಲಿದ್ದ. ಅಮ್ಮ ಅವನ ಜೊತೆ ಅಲ್ಲೇ. ಅಪ್ಪ ಮರಳು ಸಾಗಿಸುವ ಹಡಗಿನಲ್ಲಿ, ನದಿಯ ಮೇಲೆ. ಮಗುವನ್ನು ಕರೆತರಲು ಮಗುವಿನ ಸೀಟು ಬೇಕು, ಆ ಸೀಟನ್ನು ಕಟ್ಟಲು ಬೆಲ್ಟು ಬೇಕು. ಮಗುವಿಗೊಂದು, ಅಮಾಯಾಗೊಂದು.

"ಅವನು ಇನ್ನೂ ಮನೆಗೇ ಬಂದಿಲ್ಲ, ಆಗಲೇ ನನ್ನ ಸೀಟು ಹೋಯ್ತು," ಎಂದು ಅವಳು ಬೆಕ್ಕಿನ ಹತ್ತಿರ ಹೇಳಿಕೊಂಡಿದ್ದಳು. ಬೆಕ್ಕು ಯಾರಿಗೂ ಹೇಳಲಿಲ್ಲ.

ಮರುದಿನ ಕ್ಲಾಸಿನಲ್ಲಿ ಪೌಚು ಡೆಸ್ಕಿನಿಂದ ಕೆಳಗೆ ಬಿತ್ತು. ಧಡ್ ಎಂದಿತು. ಟೀಚರ್ ಬೋರ್ಡಿನಿಂದ ತಿರುಗಿದರು.

"ಏನಮ್ಮ ಅದು, ಕಬ್ಬಿಣದ ಪೆನ್ಸಿಲ್ಲಾ?"

"ಹೊಸ ಶಾರ್ಪನರ್, ಟೀಚರ್."

"ಶಾರ್ಪನರೋ, ಸುತ್ತಿಗೆಯೋ?"

ಎಲ್ಲರೂ ನಕ್ಕರು. ಅಮಾಯಾ ಬಗ್ಗಿ ಪೌಚು ಎತ್ತಿಕೊಂಡಳು. ನಿನ್ನೆಗಿಂತ ಇವತ್ತು ಅದು ಹೆಚ್ಚು ಭಾರ ಅನ್ನಿಸಿತು.

ಮನೆಗೆ ಬಂದಾಗ ಫೋನ್ ಹೊಡೆದುಕೊಳ್ಳುತ್ತಿತ್ತು. ಅಮ್ಮ.

"ಬೆಲ್ಟ್ ಆಯ್ತಾ ಪುಟ್ಟಿ?"

"ಇನ್ನೂ ಇಲ್ಲ. ಬೋಲ್ಟ್ ಕಳೆದುಹೋಗಿದೆಯಂತೆ."

"ನರ್ಸ್ ಬೆಲ್ಟ್ ನೋಡಿದ ಮೇಲೇನೇ ಮಗು ಕೊಡೋದಂತೆ. ಇರಲಿ ಬಿಡು. ಇನ್ನೂ ನಾಕು ದಿನ ಕುರ್ಚಿ ಮೇಲೆ ಮಲಗಿದರಾಯ್ತು. ನೀನು ಸರಿಯಾಗಿ ತಿಂತಿದೀಯಾ?"

"ಹೂಂ," ಎಂದಳು. ಅಮ್ಮ ಇಷ್ಟು ದಿನ ಕುರ್ಚಿಯ ಮೇಲೆ ಮಲಗುತ್ತಿದ್ದಳೆಂದು ಅವಳಿಗೆ ಗೊತ್ತಿರಲಿಲ್ಲ. ಪೌಚನ್ನು ಕೈಗೆತ್ತಿಕೊಂಡಳು. ಮತ್ತೆ ಬ್ಯಾಗಿಗೆ ಹಾಕಿದಳು. ಮತ್ತೆ ತೆಗೆದಳು.

ಅಷ್ಟರಲ್ಲಿ ಹೊರಗಿನಿಂದ ಅಜ್ಜ ಕರೆದ. "ಬಾ ಇಲ್ಲಿ. ನಿನ್ನಜ್ಜನ ತಲೆ ಹೇಗೆ ಓಡುತ್ತೆ ನೋಡು."

ಅಜ್ಜ ತನ್ನ ಎರಡು ಪ್ಯಾಂಟ್ ಬೆಲ್ಟುಗಳನ್ನು ಒಂದಕ್ಕೊಂದು ಸೇರಿಸಿದ್ದ. ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದ. ಹಗ್ಗವನ್ನು ಸೀಟಿನ ಸುತ್ತ ಬಿಗಿದು, ನಡುವೆ ಮಗುವಿನ ಸೀಟನ್ನು ಕೂರಿಸಿದ್ದ. ಬೆಲ್ಟಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದ.

"ಆನೆ ಕಟ್ಟಿದರೂ ಅಲ್ಲಾಡಲ್ಲ," ಎಂದ.

ಗ್ರಸೀಲಾ ಹಗ್ಗವನ್ನು ಒಮ್ಮೆ ಎಳೆದು ನೋಡಿದಳು. ಅಡುಗೆಮನೆಗೆ ಹೋಗಿ ಒಂದು ಪುಟ್ಟ ಕಲ್ಲಂಗಡಿ ತಂದಳು. "ಆನೆ ಬೇಡ, ಇದನ್ನು ಕಟ್ಟಿ. ಸೈಕಲ್ ಸ್ಪೀಡಲ್ಲಿ ಹೋಗಿ ಬ್ರೇಕ್ ಹಾಕಿ ಸಾಕು. ಪುಟ್ಟಿ, ನೀನು ಫುಟ್‌ಪಾತ್ ಮೇಲೆ ನಿಲ್ಲು."

ಬೀದಿಯ ಹುಡುಗರೆಲ್ಲ ಸಾಲಾಗಿ ನಿಂತರು. ಡುಮ್ಮಿ ಗುರುಗುಟ್ಟಿ ಹೊರಟಳು. ಬೇಕರಿಯ ಹತ್ತಿರ ಅಜ್ಜ ಬ್ರೇಕ್ ಒತ್ತಿದ.

ಒಳಗೆ ಏನೋ ಹಾರಿತು. ಢಬ್ ಎಂಬ ಸದ್ದು. ಬಾಗಿಲು ತೆರೆದು ಅಜ್ಜ ಇಳಿದ. ಮೀಸೆಯ ತುಂಬ ಕೆಂಪು ರಸ, ಕಿವಿಯ ಮೇಲೊಂದು ಬೀಜ, ಜಾರುತ್ತಿರುವ ಪ್ಯಾಂಟು.

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮಾಯಾ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಲೇ ಓಡಿಹೋಗಿ ಕಾರಿನೊಳಗೆ ಇಣುಕಿದಳು.

ಹಗ್ಗ ಕಟ್ಟಿದಲ್ಲೇ ಇತ್ತು. ಪ್ಯಾಂಟ್ ಬೆಲ್ಟಿನ ಬಕಲ್ ಬಿಚ್ಚಿಕೊಂಡಿತ್ತು. ಮಗುವಿನ ಸೀಟು ನೆಲದಲ್ಲಿ ಮಗುಚಿಕೊಂಡಿತ್ತು. ಕಲ್ಲಂಗಡಿ ಮುಂದಿನ ಗಾಜಿನ ಕೆಳಗೆ ಚೂರುಚೂರಾಗಿತ್ತು.

"ಎಷ್ಟು ತೂಕ ಇತ್ತು ಅದು?" ಎಂದ ಅಜ್ಜ, ಮೆಲ್ಲಗೆ.

"ಎರಡೂವರೆ ಕಿಲೋ," ಎಂದಳು ಗ್ರಸೀಲಾ. "ಫೌಸ್ತೊ ಎಷ್ಟೋ ಅಷ್ಟೇ. ತೂಗಿಯೇ ತಂದೆ."

ಅಮಾಯಾಳ ನಗು ನಿಂತುಹೋಯಿತು.

ಅವಳು ಮನೆಗೆ ಓಡಿದಳು. ವಾಪಸ್ಸು ಬಂದಾಗ ಕೈಯಲ್ಲಿ ಕೆಂಪು ಬಟ್ಟೆಯ ಗಂಟಿತ್ತು. ಅದನ್ನು ಗ್ರಸೀಲಾಳ ಕೈಗಿಟ್ಟು ತನ್ನ ಬೂಟು ನೋಡುತ್ತ ನಿಂತಳು.

"ಎಲ್ಲಿತ್ತು?"

"ನನ್ನ ಪೌಚಿನಲ್ಲಿ."

"ತಾನಾಗೇ ಹೋಗಿ ಸೇರಿಕೊಂಡಿತಾ?"

"ಇಲ್ಲ ಅಕ್ಕ. ನಾನೇ ಇಟ್ಕೊಂಡೆ."

ಅಜ್ಜ ಏನೋ ಹೇಳಲು ಬಾಯಿ ತೆರೆದ. ಗ್ರಸೀಲಾ ಬಟ್ಟೆ ಬಿಚ್ಚಿ ಒಂದೊಂದೇ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಪೆನ್ಸಿಲ್ ಪುಡಿ ಮೆತ್ಕೊಂಡಿದೆ," ಎಂದಳು. "ಒರೆಸಿ ಕೊಡು. ದೋನ್ ಬಾಸಿಲಿಯೊ, ನೀವು ಮೊದಲು ಪ್ಯಾಂಟ್ ಕಟ್ಕೊಳ್ಳಿ, ಆಮೇಲೆ ಬೈಯುವಿರಂತೆ."

ಅಜ್ಜ ಪ್ಯಾಂಟ್ ಕಟ್ಟಿಕೊಂಡ. ಆಮೇಲೆ ಬೈಯಲೂ ಬೈದ. ಅಮಾಯಾ ತಲೆ ತಗ್ಗಿಸಿಕೊಂಡು ಬೋಲ್ಟು ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಆ ಸಂಜೆ ಗ್ರಸೀಲಾ ಕಾರಿನ ನೆಲದಲ್ಲಿ ಡ್ರಿಲ್ ಮಾಡಿದ ತೂತುಗಳ ಅಡಿಗೆ ಅಂಗೈ ಅಗಲದ ಉಕ್ಕಿನ ತಗಡುಗಳನ್ನಿಟ್ಟಳು. ಬರೀ ತೂತಿಗೆ ಬೋಲ್ಟ್ ಹಾಕಿದರೆ ಜೋರಾಗಿ ಎಳೆದಾಗ ನೆಲವೇ ಕಿತ್ತುಬರುತ್ತದಂತೆ. ಅಮಾಯಾ ಒಳಗಿನಿಂದ ಬೋಲ್ಟ್ ಇಳಿಬಿಟ್ಟಳು. ಕೆಳಗಿನಿಂದ ನಟ್ ಹತ್ತಿತು. ನಾಲ್ಕೂ ಕೂತ ಮೇಲೆ ಗ್ರಸೀಲಾ ಉದ್ದ ಸ್ಪ್ಯಾನರಿಗೆ ಮೈಭಾರ ಹಾಕಿ ಬಿಗಿದಳು.

ಇನ್ನೊಂದು ಕಲ್ಲಂಗಡಿ ಇರಲಿಲ್ಲ. ಸಿಹಿಗುಂಬಳಕಾಯಿ ಕಟ್ಟಿದರು. ಈ ಸಲ ಅಜ್ಜ ಎರಡು ಸಲ ಬ್ರೇಕ್ ಹಾಕಿದ. ಕುಂಬಳಕಾಯಿ ಕೂತಲ್ಲೇ ಕೂತಿತ್ತು. ಅಮಾಯಾಗೆ ಸಮಾಧಾನವಾಗಲಿಲ್ಲ. "ಇನ್ನೊಂದು ಸಲ," ಎಂದಳು.

ಶುಕ್ರವಾರ ಆಸ್ಪತ್ರೆಯ ಮುಂದೆ ನರ್ಸ್ ಕಾರಿನೊಳಗೆ ಬಗ್ಗಿ ಬೆಲ್ಟ್ ಎಳೆದರು. ಸೀಟು ಹಿಡಿದು ಅಲ್ಲಾಡಿಸಿದರು. ಸೀಟು ಅಲ್ಲಾಡಲಿಲ್ಲ, ಡುಮ್ಮಿಯೇ ಅಲ್ಲಾಡಿದಳು. ಆಮೇಲೆ ಅಮ್ಮನ ಕೈಯಲ್ಲಿದ್ದ ಬಿಳಿ ಶಾಲಿನ ಗಂಟು ಸೀಟಿನೊಳಗೆ ಇಳಿಯಿತು. ಕೆಂಪಗಿನ ಒಂದು ಪುಟ್ಟ ಮುಖ. ಕುಂಬಳಕಾಯಿಗಿಂತ ಎಷ್ಟೋ ಚಿಕ್ಕದು.

ಅಮಾಯಾ ಪಕ್ಕದಲ್ಲಿ ಕೂತು ತನ್ನ ಬೆಲ್ಟ್ ಹಾಕಿಕೊಂಡಳು. ಅಮ್ಮ ಮುಂದಿನ ಸೀಟಿನಲ್ಲಿ ಕೂತವಳು ಊರು ದಾಟುವ ಮೊದಲೇ ನಿದ್ದೆ ಹೋದಳು.

ಹೆದ್ದಾರಿಯಲ್ಲಿ ಅಜ್ಜ ಎಷ್ಟು ನಿಧಾನ ಹೋದನೆಂದರೆ, ಹಿಂದೆ ಒಂದು ಲಾರಿ, ಒಂದು ಬಸ್ಸು, ಮೂರು ಕಾರು ಸಾಲುಗಟ್ಟಿದವು. ಲಾರಿಯವನು ಹಾರ್ನ್ ಹೊಡೆದ. ಬಸ್ಸಿನವನೂ ಹೊಡೆದ.

ಅಜ್ಜ ಕನ್ನಡಿಯಲ್ಲಿ ಮೊಮ್ಮಗಳ ಮುಖ ನೋಡಿದ. "ಏನು ಮಾಡೋಣ? ಸ್ವಲ್ಪ ಜೋರಾಗಿ ಹೋಗಲಾ?"

ಅಮಾಯಾ ಪಕ್ಕಕ್ಕೆ ತಿರುಗಿ ನೋಡಿದಳು. ಫೌಸ್ತೊ ಬಾಯಿ ಅರ್ಧ ತೆರೆದು ಮಲಗಿದ್ದ.

"ಹಾರ್ನ್ ಹೊಡ್ಕೊಳ್ಳಲಿ ಬಿಡು ಅಜ್ಜ," ಎಂದಳು, ಅವನಿಗೆ ಎಚ್ಚರವಾಗದಷ್ಟು ಮೆಲ್ಲಗೆ.